ಹೊಸ ಮೆಕ್ಕೆಜೋಳ ಬರೋವರೆಗೆ ದನ, ಕೋಳಿಗೆ ಏನು ಹಾಕೋದು? ದಾವಣಗೆರೆ-ಚಿತ್ರದುರ್ಗ ಕಡೆ ರೇಟು ಹೇಗಿದೆ?

ಹರಿಹರ ಹೈನು (ಆಗಸ್ಟ್ 2024)

ಎಲ್ಲರಿಗೂ ನಮಸ್ಕಾರ. ಹರಿಹರ ತಾಲೂಕಿನ ಹಳ್ಳಿಯವನು. ಮನೆಯಲ್ಲಿ ಎಚ್‌ಎಫ್ ತಳಿಯ ಹಸುಗಳಿವೆ, ಜೊತೆಗೆ ಒಂದಷ್ಟು ನಾಟಿ ಕೋಳಿ. ಚೀಲದ ರೆಡಿ ಫೀಡ್ ಬಿಟ್ಟು ಸುಮಾರು ವರ್ಷ ಆಯಿತು. ಮೆಕ್ಕೆಜೋಳ ತಂದು ನುಚ್ಚು ಒಡೆಸಿ, ಶೇಂಗಾ ಹಿಂಡಿ, ತೌಡು, ಖನಿಜ ಮಿಶ್ರಣ ಸೇರಿಸಿ ನಾವೇ ಮಾಡಿಕೊಳ್ಳುತ್ತೇವೆ.

ಈಗ ಅಂಗಡಿಯಲ್ಲಿ ಮೆಕ್ಕೆಜೋಳ ಕೆಜಿಗೆ 27-28 ಹೇಳುತ್ತಿದ್ದಾರೆ. ಪೇಪರಿನಲ್ಲಿ ನೋಡಿದರೆ ದಾವಣಗೆರೆ ಎಪಿಎಂಸಿ ರೇಟು ಅದಕ್ಕಿಂತ ಕಡಿಮೆ ಇರುತ್ತದೆ. ಕೊಟ್ಟ ಮಾಲಾದರೂ ಚೆನ್ನಾಗಿದೆಯಾ ಅಂದರೆ ಅದೂ ಇಲ್ಲ. ಚೀಲ ಬಿಚ್ಚಿದರೆ ಪುಡಿ, ಹುಳ. ಹಾಲಿನ ರೇಟು ಇದ್ದಲ್ಲೇ ಇದೆ. ಹೀಗಾದರೆ ಸಣ್ಣವರು ಹೈನು ಮಾಡೋದು ಹೇಗೆ?

ಮೂರು ವಿಷಯ ಕೇಳಬೇಕು. ಅಕ್ಟೋಬರ್ ಒಳಗೆ ರೇಟು ಇಳಿಯುತ್ತದಾ, ಅಥವಾ ಈಗಲೇ ತಂದು ಹಾಕಿಕೊಳ್ಳಬೇಕಾ? ಬದಲಿಗೆ ಏನು ಹಾಕಬಹುದು? ಜಗಳೂರು, ಹರಪನಹಳ್ಳಿ ಕಡೆ ಯಾರ ಮನೆಯಲ್ಲಾದರೂ ಹಳೇ ಮಾಲು ಇದ್ದರೆ ನೇರವಾಗಿ ಕೊಡುತ್ತೀರಾ?

---

ಜಗಳೂರು ಬೆಳೆಗಾರ

ಆಗಸ್ಟ್‌ನಲ್ಲಿ ರೈತನ ಮನೆಯಲ್ಲಿ ಮೆಕ್ಕೆಜೋಳ ಕೇಳುತ್ತೀರಲ್ಲ ಸಾರ್! ನಮ್ಮ ಮಾಲು ನವೆಂಬರ್‌ನಲ್ಲೇ ಹೋಯಿತು. ಗೊಬ್ಬರದ ಅಂಗಡಿ ಸಾಲ, ಮಷಿನ್ ಬಾಡಿಗೆ, ಮಕ್ಕಳ ಫೀಸು ಎಲ್ಲ ಆಗಲೇ ಬಂದು ನಿಲ್ಲುತ್ತವೆ. ಇಟ್ಟುಕೊಳ್ಳೋದಕ್ಕೆ ಯಾರಿಗೆ ಆಗುತ್ತದೆ? ಅದೂ ಹೋದ ವರ್ಷ ಬರ. ಮಳೆ ಚೆನ್ನಾಗಿದ್ದರೆ ಎಕರೆಗೆ 20-25 ಕ್ವಿಂಟಲ್ ತೆಗೆಯುವ ಹೊಲದಲ್ಲಿ ಅರ್ಧವೂ ಬರಲಿಲ್ಲ. ಕೆಲವರು ತೆನೆ ಕಟ್ಟೋಕೆ ಮುಂಚೆಯೇ ಕೊಯ್ದು ದನಕ್ಕೆ ಹಾಕಿದರು.

ಈಗ ರೇಟು ಬಂದಿದೆ ಅಂದರೆ ರೈತನಿಗೆ ಬಂದಿದೆ ಅಂತ ತಿಳಿಯಬೇಡಿ.

---

ಕೋಳಿ ಶೆಡ್

ನಿಮ್ಮ ಕಷ್ಟ ಒಪ್ಪುತ್ತೇನೆ. ಆದರೆ ಬೆಳೆಗಾರರು ರೇಟು ಏರಿದಾಗ ಸುಮ್ಮನಿದ್ದು ಇಳಿದಾಗ ಮಾತ್ರ ರಸ್ತೆಗೆ ಬರುತ್ತಾರೆ. ತಿನ್ನಿಸೋರು ಉಳಿದರೆ ತಾನೇ ಬೆಳೆಯೋರಿಗೂ ಗಿರಾಕಿ?

---

ಜಗಳೂರು ಬೆಳೆಗಾರ

2020 ನೆನಪಿದೆಯಾ? ಕೊರೋನಾ ಬಂತು. ಕೋಳಿ ತಿಂದರೆ ರೋಗ ಬರುತ್ತೆ ಅಂತ ಸುಳ್ಳು ಸುದ್ದಿ ಹಬ್ಬಿತು. ಕೋಳಿಯನ್ನು ಕೇಳೋರಿಲ್ಲ, ಮೆಕ್ಕೆಜೋಳವನ್ನೂ ಕೇಳೋರಿಲ್ಲ. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲಿಗೆ 1850. ನಾವು ಮಾರಿದ್ದು 1200-1300ಕ್ಕೆ. ಸರ್ಕಾರ ಮೆಕ್ಕೆಜೋಳ ಬೆಳೆದವರಿಗೆ ತಲಾ 5000 ಕೊಟ್ಟಿತು, ಇಲ್ಲ ಅನ್ನಲ್ಲ. ಅದು ಬೀಜ, ಗೊಬ್ಬರಕ್ಕೂ ಸಾಲಲಿಲ್ಲ. ಆಗ ತಿನ್ನಿಸೋರು ಯಾರೂ "ಬೆಳೆಯೋರು ಉಳಿಯಲಿ, ಇನ್ನೂರು ಜಾಸ್ತಿ ತಗೊಳ್ಳಿ" ಅನ್ನಲಿಲ್ಲ.

---

ಕೋಳಿ ಶೆಡ್

ಆಗ ನಮ್ಮಲ್ಲೂ ಕೋಳಿ ಮರಿಗಳನ್ನು ಬದುಕಿರುವಾಗಲೇ ಹೂತ ಜನ ಇದ್ದರು ಸಾರ್. ಜಾಸ್ತಿ ಕೊಡೋದಕ್ಕೆ ಕೈಯಲ್ಲಿ ಏನಿತ್ತು? ಇಬ್ಬರದ್ದೂ ಒಂದೇ ಪೆಟ್ಟು. ಅದಕ್ಕೇ ಹೇಳಿದ್ದು.

---

ಮಂಡಿಪೇಟೆ

ನಾನು ದಾವಣಗೆರೆಯಲ್ಲಿ ಧಾನ್ಯದ ವ್ಯಾಪಾರದ ಲೆಕ್ಕ ಬರೆಯುವವನು. ಪೇಪರ್ ರೇಟಿಗೂ ಅಂಗಡಿ ರೇಟಿಗೂ ಯಾಕೆ ವ್ಯತ್ಯಾಸ ಅಂತ ಕೇಳಿದ್ದೀರಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪೇಪರಿನಲ್ಲಿ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಹೋದ ರೇಟು) ಅಂತ ಮೂರು ರೇಟು ಇರುತ್ತವೆ. ಜನ ಸಾಮಾನ್ಯವಾಗಿ ಕನಿಷ್ಠ ನೋಡಿ "ಇಷ್ಟಕ್ಕೆ ಸಿಗುತ್ತದೆ" ಅಂದುಕೊಳ್ಳುತ್ತಾರೆ. ಆ ರೇಟಿಗೆ ಹೋಗಿದ್ದು ಹಸಿ ಮಾಲು, ಇಲ್ಲವೇ ಮುಗ್ಗಿದ್ದು. ಅಂಗಡಿಯವನು ಒಣಗಿದ ಮಾಲು ತಂದು, ಹಮಾಲಿ, ಬಾಡಿಗೆ, ಚೀಲ ಸೇರಿಸಿ, ಪುಡಿ ಕಸ ಜರಡಿಯಲ್ಲಿ ಹೋದದ್ದು ಕಳೆದು, ಸಾಲ ಕೊಟ್ಟ ಗಿರಾಕಿ ಎರಡು ತಿಂಗಳು ಕಾಯಿಸಿದ್ದನ್ನೂ ಸೇರಿಸಿ ಕೆಜಿ ಲೆಕ್ಕ ಹಾಕುತ್ತಾನೆ. ಎರಡು ಮೂರು ರೂಪಾಯಿ ಜಾಸ್ತಿ ಆಗುವುದರಲ್ಲಿ ಆಶ್ಚರ್ಯ ಇಲ್ಲ.

ತೇವದ ಲೆಕ್ಕ ಎಲ್ಲರೂ ಕಲಿಯಬೇಕು. 14 ಪರ್ಸೆಂಟ್ ತೇವ ಅಂದರೆ ಒಣ ಮಾಲು. 18 ಪರ್ಸೆಂಟ್ ಇರುವ ಒಂದು ಕ್ವಿಂಟಲ್ ತಂದು 14ಕ್ಕೆ ಒಣಗಿಸಿದರೆ ಉಳಿಯೋದು 95 ಕೆಜಿ ಚಿಲ್ಲರೆ. 2300ಕ್ಕೆ ಅಗ್ಗ ಅಂತ ತಂದ ಹಸಿ ಮಾಲು ಒಣಗಿದ ಮೇಲೆ ನಿಮಗೆ 2400ರ ಮೇಲೆ ಬಿದ್ದಿರುತ್ತದೆ. ಒಣಗಿಸುವ ಕೂಲಿ ಬೇರೆ.

ಇನ್ನು ರೇಟು ಯಾಕೆ ಏರಿದೆ ಅನ್ನೋದು. ನಮ್ಮ ಕಡೆ ಮುಂಗಾರು ಮಾಲು ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ನುಗ್ಗುತ್ತದೆ. ಆ ಮೇಲೆ ಬರೋದು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋದಾಮಿನ ಮಾಲೇ ಗತಿ. 2023ರಲ್ಲಿ ರಾಜ್ಯದ 223 ತಾಲೂಕು ಬರಪೀಡಿತ ಅಂತ ಘೋಷಣೆ ಆಯಿತು. ಹಾಗಾಗಿ ಗೋದಾಮಿಗೆ ಹೋಗಿದ್ದೇ ಕಡಿಮೆ. ತಿನ್ನೋರು ಮಾತ್ರ ಕಡಿಮೆ ಆಗಲಿಲ್ಲ, ಹೊಸಬರು ಒಬ್ಬರು ಬಂದರು.

---

ಚನ್ನಗಿರಿ ತೋಟ

ಹೊಸಬರು ಅಂದರೆ ಪೆಟ್ರೋಲಿಗೆ ಬೆರೆಸೋ ಎಥೆನಾಲ್ ಮಾಡೋರು ತಾನೇ?

---

ಮಂಡಿಪೇಟೆ

ಹೌದು. ಮೊದಲು ಕೋಳಿ ಫೀಡ್, ದನದ ಫೀಡ್, ಸ್ಟಾರ್ಚ್ ಕಾರ್ಖಾನೆ ಅಷ್ಟೇ ಇದ್ದವು. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡೋದಕ್ಕೆ ಕೇಂದ್ರ ಕಡಿವಾಣ ಹಾಕಿತು. ಅದಕ್ಕೆ ಬದಲಾಗಿ ಮೆಕ್ಕೆಜೋಳದ ಎಥೆನಾಲ್‌ಗೆ ಲೀಟರಿಗೆ 71.86 ಕೊಡುತ್ತೇವೆ ಅಂದಿತು. ಒಂದು ಟನ್ ಮೆಕ್ಕೆಜೋಳಕ್ಕೆ ಸುಮಾರು 380 ಲೀಟರ್ ಬರುತ್ತದೆ. ಅಂದರೆ ಕ್ವಿಂಟಲಿಗೆ 38 ಲೀಟರ್, 2700 ರೂಪಾಯಿ ಚಿಲ್ಲರೆ. ಉಳಿದ ಹಿಂಡಿ, ಅದೇ ಡಿಡಿಜಿಎಸ್, ಮಾರಿದ್ದು ಬೇರೆ. ಖರ್ಚು ಕಳೆದರೂ ಅವರು ಹರಾಜಿನಲ್ಲಿ ಎಲ್ಲಿವರೆಗೆ ಕೂಗಬಹುದು ಅಂತ ನೀವೇ ಲೆಕ್ಕ ಹಾಕಿ.

---

ಕೋಳಿ ಶೆಡ್

ಇದೇ ನನ್ನ ಸಂಕಟ. ಅವರಿಗೆ ಮಾರೋ ರೇಟು ಸರ್ಕಾರವೇ ಗ್ಯಾರಂಟಿ ಕೊಟ್ಟಿದೆ. ನನ್ನ ಕೋಳಿಗೆ ಯಾರು ಕೊಟ್ಟಿದ್ದಾರೆ? ಶ್ರಾವಣ ಬಂದರೆ ಸಾಕು, ಕೋಳಿ ರೇಟು ಬಿದ್ದು ಹೋಗುತ್ತದೆ. ಗಣಪತಿ ಹಬ್ಬ ಮುಗಿಯೋವರೆಗೂ ಏಳಲ್ಲ. ಮೆಕ್ಕೆಜೋಳ ತುಟ್ಟಿ ಇರೋದೂ ಇದೇ ತಿಂಗಳಲ್ಲಿ.

ಲೆಕ್ಕ ಹೇಳುತ್ತೇನೆ ಕೇಳಿ. ಬಾಯ್ಲರ್ ಕೋಳಿ ಒಂದು ಕೆಜಿ ತೂಕ ಬರೋದಕ್ಕೆ ಸುಮಾರು 1.6 ಕೆಜಿ ಫೀಡ್ ತಿನ್ನುತ್ತದೆ. ಅದರಲ್ಲಿ 60 ಪರ್ಸೆಂಟ್ ಮೆಕ್ಕೆಜೋಳ. ಅಂದರೆ ಒಂದು ಕೆಜಿ ಕೋಳಿ ಅಂದರೆ ಹೆಚ್ಚು ಕಡಿಮೆ ಒಂದು ಕೆಜಿ ಮೆಕ್ಕೆಜೋಳ. ಕ್ವಿಂಟಲಿಗೆ 500 ಏರಿದರೆ ಕೆಜಿ ಕೋಳಿಗೆ ಐದು ರೂಪಾಯಿ ಖರ್ಚು ಏರಿತು. ಕಂಪನಿ ಜೊತೆ ಕಾಂಟ್ರಾಕ್ಟ್ ಮಾಡಿದವರಿಗೆ ಮರಿ, ಫೀಡ್ ಎಲ್ಲ ಕಂಪನಿಯದು. ಅವರಿಗೆ ಸಾಕಾಣಿಕೆ ಕೂಲಿ ಸಿಗುತ್ತದೆ. ನನ್ನ ಹಾಗೆ ಸ್ವಂತ ಸಾಕೋರು ನೇರವಾಗಿ ಹೊಡೆತ ತಿನ್ನುತ್ತೇವೆ.

---

ಬೆಂಗಳೂರಲ್ಲಿರೋ ದಾವಣಗೆರೆಯವ

ಮೊಟ್ಟೆಗೂ ಹೀಗೇನಾ? ಇಲ್ಲಿ ಅಂಗಡಿಯಲ್ಲಿ ಏಳು ರೂಪಾಯಿ ತಗೊಳ್ಳುತ್ತಾರೆ.

---

ಕೋಳಿ ಶೆಡ್

ಮೊಟ್ಟೆ ಕೋಳಿ ದಿನಕ್ಕೆ 110 ಗ್ರಾಂ ಆಸುಪಾಸು ತಿನ್ನುತ್ತದೆ, ಆದರೆ ದಿನಾ ಮೊಟ್ಟೆ ಇಡಲ್ಲ. ಒಂದು ಮೊಟ್ಟೆಗೆ 130 ಗ್ರಾಂ ಫೀಡ್ ಅಂತ ಇಟ್ಟುಕೊಳ್ಳಿ. ಅದರಲ್ಲಿ ಅರ್ಧದ ಮೇಲೆ ಮೆಕ್ಕೆಜೋಳ. ಕೆಜಿ ಮೆಕ್ಕೆಜೋಳಕ್ಕೆ ಐದು ರೂಪಾಯಿ ಏರಿದರೆ ಮೊಟ್ಟೆಗೆ 35 ಪೈಸೆ. ಕೇಳೋಕೆ ಸಣ್ಣದು. ಸಾವಿರಾರು ಕೋಳಿ ಇಟ್ಟವನಿಗೆ ಆ 35 ಪೈಸೆಯೇ ಲಾಭ.

---

ಜಗಳೂರು ಬೆಳೆಗಾರ

ಹಾಗಾದರೆ ಎಥೆನಾಲ್ ಬೇಡ ಅಂತೀರಾ? ಇಷ್ಟು ವರ್ಷ ನಮ್ಮ ಮಾಲಿಗೆ ಕೋಳಿಯವರು ಬಿಟ್ಟರೆ ದೊಡ್ಡ ಗಿರಾಕಿ ಇರಲಿಲ್ಲ. ಕೋಳಿ ಬಿದ್ದರೆ ನಾವೂ ಬೀಳುತ್ತಿದ್ದೆವು. ಈಗ ಇನ್ನೊಂದು ಬಾಗಿಲು ತೆರೆದಿದೆ. ಅದನ್ನು ಮುಚ್ಚಿ ಅನ್ನಬೇಡಿ. ಬೇಕಾದರೆ ನಿಮ್ಮ ಸಂಘದವರು ನವೆಂಬರ್‌ನಲ್ಲೇ ಬಂದು ಬೆಂಬಲ ಬೆಲೆಗಿಂತ ನೂರು ಜಾಸ್ತಿ ಕೊಟ್ಟು ವರ್ಷದ ಮಾಲು ತುಂಬಿಕೊಳ್ಳಲಿ. ಯಾರು ಬೇಡ ಅಂದರು?

---

ಕೋಳಿ ಶೆಡ್

ದುಡ್ಡು ಯಾರು ಕೊಡುತ್ತಾರೆ? ನನಗೂ ಬ್ಯಾಂಕ್ ಇದೆ.

---

ನಿವೃತ್ತ ಪಶುವೈದ್ಯ

ಜಗಳ ಆಮೇಲೆ ಮಾಡಿ, ಕೇಳಿದವರ ಪ್ರಶ್ನೆಗೆ ಉತ್ತರ ಕೊಡೋಣ. ಬದಲಿಗೆ ಏನು ಹಾಕಬಹುದು ಅಂತ ಕೇಳಿದ್ದಾರೆ.

ಮೊದಲು ಹಸು. ಹಸುವಿಗೆ ಮೆಕ್ಕೆಜೋಳವೇ ಆಗಬೇಕು ಅಂತೇನಿಲ್ಲ. ಅದಕ್ಕೆ ಬೇಕಾಗಿರೋದು ಶಕ್ತಿ. ನಮ್ಮ ಕಡೆ ಅಕ್ಕಿ ಗಿರಣಿಗಳಿವೆ, ನುಚ್ಚಕ್ಕಿ ಸಿಗುತ್ತದೆ. ರೇಟು ನೋಡಿಕೊಂಡು ಮೆಕ್ಕೆಜೋಳದ ಅರ್ಧ ಭಾಗಕ್ಕೆ ನುಚ್ಚಕ್ಕಿ ಹಾಕಬಹುದು. ಒಂದೇ ದಿನ ಬದಲಿಸಬೇಡಿ, ಒಂದು ವಾರ ಹತ್ತು ದಿನದಲ್ಲಿ ನಿಧಾನವಾಗಿ ಬದಲಿಸಿ. ದಿಢೀರನೆ ನುಚ್ಚು ಜಾಸ್ತಿ ತಿಂದರೆ ಹೊಟ್ಟೆಯಲ್ಲಿ ಹುಳಿ ಏರಿ ಹಸು ಮೇವು ಬಿಡುತ್ತದೆ, ಹಾಲೂ ಇಳಿಯುತ್ತದೆ. ಎಣ್ಣೆ ತೆಗೆಯದ ತೌಡು ಬೇಗ ಕಮಟು ಹಿಡಿಯುತ್ತದೆ, ವಾರಕ್ಕೆ ಬೇಕಾದಷ್ಟೇ ತನ್ನಿ.

ಎರಡನೇದು, ಕಾಳು ಮಿಶ್ರಣದ ಮೇಲೆ ಮಾತ್ರ ಕಣ್ಣಿಟ್ಟರೆ ಖರ್ಚು ಇಳಿಯಲ್ಲ. ಒಣ ಹುಲ್ಲಿಗೆ ಯೂರಿಯಾ ಉಪಚಾರ ಮಾಡಿ. 100 ಕೆಜಿ ಭತ್ತದ ಹುಲ್ಲಿಗೆ 4 ಕೆಜಿ ಯೂರಿಯಾ, ಸುಮಾರು 50 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ ಪದರ ಪದರವಾಗಿ ಚಿಮುಕಿಸಿ, ಗಾಳಿ ಆಡದ ಹಾಗೆ ಮುಚ್ಚಿ 21 ದಿನ ಬಿಡಬೇಕು. ತೆಗೆದ ಮೇಲೆ ಗಾಳಿಗೆ ಹರಡಿ ವಾಸನೆ ಹೋದ ಮೇಲೆ ಹಾಕಿ. ಆರು ತಿಂಗಳ ಒಳಗಿನ ಕರುವಿಗೆ ಬೇಡ. ಯೂರಿಯಾ ನೀರು ದನಕ್ಕೆ ಸಿಗದ ಹಾಗೆ ನೋಡಿಕೊಳ್ಳಿ, ಕುಡಿದರೆ ಸಾಯುತ್ತದೆ.

ಕೋಳಿಗೆ ನುಚ್ಚಕ್ಕಿ, ಸಜ್ಜೆ ಎರಡೂ ಆಗುತ್ತವೆ. ಮೆಕ್ಕೆಜೋಳ ಕಡಿಮೆ ಆದರೆ ಮೊಟ್ಟೆಯ ಹಳದಿ ಬಿಳಚಿಕೊಳ್ಳುತ್ತದೆ, ಅಷ್ಟೇ. ನಾಟಿ ಕೋಳಿ ಹೊರಗೆ ಸೊಪ್ಪು ತಿಂದರೆ ಅದೂ ಸರಿ ಹೋಗುತ್ತದೆ.

ಕೊನೆಯದಾಗಿ, ಬಹಳ ಮುಖ್ಯ. ಅಗ್ಗ ಅಂತ ಬೂಸ್ಟು ಹಿಡಿದ ಮೆಕ್ಕೆಜೋಳ ತರಬೇಡಿ. ಅದರಲ್ಲಿ ಅಫ್ಲಾಟಾಕ್ಸಿನ್ ವಿಷ ಇರುತ್ತದೆ. ಕೋಳಿಯ ಈಲಿ ಹಾಳಾಗುತ್ತದೆ, ಹಸು ತಿಂದರೆ ವಿಷ ಹಾಲಿಗೂ ಬರುತ್ತದೆ. ಆ ಹಾಲು ಕುಡಿಯೋದು ನಮ್ಮ ಮಕ್ಕಳೇ. ಬೇಯಿಸಿದರೆ, ಬಿಸಿಲಿಗೆ ಹಾಕಿದರೆ ಹೋಗುತ್ತದೆ ಅನ್ನೋದು ಸುಳ್ಳು. ಒಣಗಿಸಿದರೆ ಬೂಸ್ಟು ಬೆಳೆಯೋದು ನಿಲ್ಲುತ್ತದೆ, ಆಗಲೇ ಇರುವ ವಿಷ ಹಾಗೇ ಉಳಿಯುತ್ತದೆ.

---

ಹರಿಹರ ಹೈನು

ಡಾಕ್ಟ್ರೇ, ತುಂಬಾ ಉಪಕಾರ ಆಯಿತು. ನುಚ್ಚಕ್ಕಿ ಗಿರಣಿಯಲ್ಲಿ ವಿಚಾರಿಸುತ್ತೇನೆ. ಆದರೆ ಭತ್ತದ ಹುಲ್ಲೇ ಸಿಗುತ್ತಿಲ್ಲ. ಬೇಸಿಗೆಯಲ್ಲಿ ಭದ್ರಾ ನೀರು ಸಾಲದೆ ಭತ್ತ ಹಾಕಿದವರೇ ಕಡಿಮೆ. ಒಂದು ಟ್ರ್ಯಾಕ್ಟರ್ ಹುಲ್ಲಿಗೆ ಹೇಳುವ ರೇಟು ಕೇಳಿದರೆ ತಲೆ ತಿರುಗುತ್ತದೆ.

---

ಚಳ್ಳಕೆರೆ ಎಣ್ಣೆಗಿರಣಿ ರಸ್ತೆ

ನಮ್ಮ ಕಡೆ ಶೇಂಗಾ ಹೊಟ್ಟು, ಶೇಂಗಾ ಬಳ್ಳಿ ಇರುತ್ತದೆ, ಅದನ್ನೂ ನೋಡಿ. ದನ ಚೆನ್ನಾಗಿ ತಿನ್ನುತ್ತದೆ. ಹಿಂಡಿಗೆ ಚಳ್ಳಕೆರೆಗಿಂತ ಬೇರೆ ಊರು ಬೇಕಾ? ಗಾಣದ ಹಿಂಡಿ ತಗೊಂಡರೆ ಎಣ್ಣೆ ಅಂಶ ಉಳಿದಿರುತ್ತದೆ. ಆದರೆ ಡಾಕ್ಟರ್ ಹೇಳಿದ ವಿಷ ಶೇಂಗಾ ಹಿಂಡಿಯಲ್ಲೂ ಬರುತ್ತದೆ, ಮಳೆಗಾಲದಲ್ಲಿ ನೋಡಿ ತಗೊಳ್ಳಿ. ಸಜ್ಜೆ ಬೇಕಾದರೆ ಮೊಳಕಾಲ್ಮೂರು, ಚಳ್ಳಕೆರೆ ಸಂತೆಯಲ್ಲಿ ಕೇಳಿ.

---

ಹೊಸದುರ್ಗದವಳು

ನಾನು ಹೆಂಗಸರ ಹಾಲಿನ ಸಂಘದಲ್ಲಿದ್ದೇನೆ. ನಮ್ಮ ಕಡೆ ರಾಗಿ ಹುಲ್ಲು ಇರುವವರು ಹೇಗೋ ಬಚಾವಾದರು. ಉಳಿದವರು ಹಸು ಮಾರಿದರು. ಹೋದ ಬೇಸಿಗೆಯಲ್ಲಿ ಸಂತೆಗೆ ಬಂದ ಹಸುಗಳನ್ನು ನೋಡಿ ಹೊಟ್ಟೆ ಉರಿಯಿತು. ಮಕ್ಕಳ ಹಾಗೆ ಸಾಕಿದ ಹಸುವನ್ನು ಮೂರು ಕಾಸಿಗೆ ಕೊಟ್ಟು ಬಂದರು.

ಗಂಡಸರು ಇಲ್ಲಿ ಎಥೆನಾಲ್, ಎಪಿಎಂಸಿ ಅಂತ ಮಾತಾಡುತ್ತಿದ್ದೀರಿ. ಮನೆಯಲ್ಲಿ ದನಕ್ಕೆ ಮೇವು ಹೊಂದಿಸೋದು ಹೆಂಗಸರು. ಹಾಲಿನ ದುಡ್ಡು ವಾರಕ್ಕೋ ಹದಿನೈದು ದಿನಕ್ಕೋ ಬರುತ್ತದೆ, ಅದರಲ್ಲೇ ಮುಂದಿನ ಫೀಡು. ಹತ್ತು ಚೀಲ ಒಟ್ಟಿಗೆ ತಂದು ಹಾಕಿ ಅನ್ನೋರು ಆ ದುಡ್ಡು ಎಲ್ಲಿಂದ ಬರುತ್ತದೆ ಅಂತಲೂ ಹೇಳಲಿ. ಚಿಲ್ಲರೆ ತಗೊಳ್ಳೋರೇ ಯಾವಾಗಲೂ ಜಾಸ್ತಿ ರೇಟು ಕೊಡೋದು.

ನಾವು ಮಾಡಿದ್ದು ಇಷ್ಟು. ನಮ್ಮ ಸಂಘದ ಏಳೆಂಟು ಮನೆಯವರು ಸೇರಿ ಸೈಲೇಜ್ ಮಾಡಿದೆವು. ಬೋರ್ ನೀರು ಇರುವ ಒಬ್ಬರ ಹೊಲದಲ್ಲಿ ಮೆಕ್ಕೆಜೋಳ ಹಾಕಿಸಿ, ಕಾಳು ಹಾಲುಗಟ್ಟಿ ಇನ್ನೂ ಮೆತ್ತಗಿರುವಾಗಲೇ ದಂಟು ಸಮೇತ ಕೊಯ್ದು, ಕತ್ತರಿಸಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ತುಳಿದು ತುಂಬಿ ಕಟ್ಟಿದೆವು. ಒಂದೂವರೆ ತಿಂಗಳ ಮೇಲೆ ಬಿಚ್ಚಿದರೆ ಹುಳಿ ಹಣ್ಣಿನ ವಾಸನೆ ಬರುತ್ತದೆ, ಹಸು ಬಿಡದೆ ತಿನ್ನುತ್ತದೆ. ನುಚ್ಚು ಅರ್ಧಕ್ಕೆ ಇಳಿಸಿದರೂ ಹಾಲು ಇಳಿಯಲಿಲ್ಲ.

---

ಹರಿಹರ ಹೈನು

ಅಕ್ಕಾ, ಇದನ್ನು ಇನ್ನೊಂಚೂರು ವಿವರವಾಗಿ ಹೇಳಿ. ಇಲಿ ಕಾಟ ಇಲ್ಲವಾ?

---

ಹೊಸದುರ್ಗದವಳು

ಇದೆ. ಚೀಲ ನೆಲದ ಮೇಲೆ ಇಡಬೇಡಿ, ಹಲಗೆ ಹಾಕಿ. ತೂತು ಬಿದ್ದರೆ ತಕ್ಷಣ ಟೇಪ್ ಅಂಟಿಸಿ. ಗಾಳಿ ಹೋದ ಚೀಲದಲ್ಲಿ ಕಪ್ಪಗೆ ಬೂಸ್ಟು ಬಂದ ಭಾಗ ತೆಗೆದು ತಿಪ್ಪೆಗೆ ಹಾಕಿ, ಹಸುವಿಗೆ ಬೇಡ.

---

ಚನ್ನಗಿರಿ ತೋಟ

ಎಲ್ಲದಕ್ಕೂ ಮೂಲ ಅಡಿಕೆ ಅಂತ ನನ್ನ ಅಭಿಪ್ರಾಯ. ನಾನೂ ತೋಟದವನೇ, ಆದರೂ ಹೇಳುತ್ತೇನೆ. ಚನ್ನಗಿರಿ ಬಿಡಿ, ಹೊಳಲ್ಕೆರೆ, ಹೊಸದುರ್ಗದಲ್ಲೂ ಮೆಕ್ಕೆಜೋಳದ ಹೊಲ ಅಡಿಕೆ ಆಗುತ್ತಿದೆ. ಕಾಳೂ ಇಲ್ಲ, ದಂಟೂ ಇಲ್ಲ. ಮೇವು ಎಲ್ಲಿಂದ ಬರಬೇಕು?

---

ಜಗಳೂರು ಬೆಳೆಗಾರ

ನೀರಿದ್ದವರು ಅಡಿಕೆ ಹಾಕುತ್ತಾರೆ. ನಮ್ಮದು ಮಳೆ ನಂಬಿದ ಹೊಲ. ನಮ್ಮ ಹೊಲಗಳಲ್ಲಿ ಮೆಕ್ಕೆಜೋಳವೇ. ಹಾಗಾಗಿ ಎಲ್ಲದಕ್ಕೂ ಅಡಿಕೆ ಅನ್ನೋದು ಪೂರ್ತಿ ಸರಿ ಅಲ್ಲ.

---

ಬೆಂಗಳೂರಲ್ಲಿರೋ ದಾವಣಗೆರೆಯವ

ನಮ್ಮ ಅಜ್ಜನ ಕಾಲದಲ್ಲಿ ಇದೆಲ್ಲ ಹತ್ತಿ ಹೊಲ ಅಂತೆ. ದಾವಣಗೆರೆ ಮಿಲ್ಲುಗಳ ಸದ್ದಿಗೆ ಊರು ಏಳುತ್ತಿತ್ತಂತೆ. ಮಿಲ್ಲು ಹೋಯಿತು, ಹತ್ತಿ ಹೋಯಿತು, ಮೆಕ್ಕೆಜೋಳ ಬಂತು. ಬೆಣ್ಣೆ ದೋಸೆ ಒಂದು ಉಳಿದಿದೆ.

---

ಚಳ್ಳಕೆರೆ ಎಣ್ಣೆಗಿರಣಿ ರಸ್ತೆ

ಬೆಣ್ಣೆ ದೋಸೆಯ ಬೆಣ್ಣೆಯೂ ಹಸುವಿನಿಂದಲೇ ಬರಬೇಕು. ಆ ಹಸು ತಿನ್ನೋ ಮೆಕ್ಕೆಜೋಳದ ವಿಷಯಕ್ಕೇ ವಾಪಸ್ ಬನ್ನಿ.

---

ಹೊಳಲ್ಕೆರೆ ಮೇಷ್ಟ್ರು

ಮೆಕ್ಕೆಜೋಳದ ಸುಳಿ ತಿನ್ನೋ ಲದ್ದಿ ಹುಳುವನ್ನು ಯಾರೂ ಹೇಳಲಿಲ್ಲವಲ್ಲ. 2017ರಲ್ಲಿ ನಮ್ಮ ರಾಜ್ಯಕ್ಕೆ ಬಂದ ಮೇಲೆ ಮೆಕ್ಕೆಜೋಳದ ಖರ್ಚು ಏರಿತು. ಸುಳಿಗೆ ಔಷಧಿ ಹೊಡೆಯದೆ ಬೆಳೆ ಇಲ್ಲ. ಬೆಳೆಯೋ ಖರ್ಚು ಏರಿದರೆ ರೇಟೂ ಏರಬೇಕು ಅಲ್ವಾ?

---

ಮಂಡಿಪೇಟೆ

ಹುಳು ಬಂದಿದ್ದು 2017 ಅಲ್ಲ ಮೇಷ್ಟ್ರೇ, 2018. ಆ ವರ್ಷದ ಮುಂಗಾರಿಗೆ ಮುಂಚೆ ಶಿವಮೊಗ್ಗ ಕಡೆ ಮೊದಲು ಕಂಡಿದ್ದು. ಮರುವರ್ಷ 2019ರಲ್ಲಿ ಇದೇ ಥರ ಮಾಲು ಸಿಗದೆ ರೇಟು ಏರಿತ್ತು, ಆಗಲೂ ಹೊರದೇಶದಿಂದ ತರಿಸಲು ಕೇಂದ್ರ ಬಿಟ್ಟಿತ್ತು.

---

ಕೋಳಿ ಶೆಡ್

ಈಗಲೂ ಅದೇ ಬೇಕಿರೋದು. ಜೂನ್‌ನಲ್ಲಿ ಐದು ಲಕ್ಷ ಟನ್ ಹತ್ತಿರ ಹತ್ತಿರ 15 ಪರ್ಸೆಂಟ್ ಸುಂಕಕ್ಕೆ ತರಿಸಬಹುದು ಅಂತ ಆದೇಶ ಬಂದಿದೆ. ಅದರ ಮೇಲೆ ತರಿಸಿದರೆ 50 ಪರ್ಸೆಂಟ್. ಇಡೀ ದೇಶಕ್ಕೆ ಐದು ಲಕ್ಷ ಟನ್ ಯಾವ ಮೂಲೆಗೆ? ಸುಂಕ ಪೂರ್ತಿ ತೆಗೆಯಲಿ.

---

ಜಗಳೂರು ಬೆಳೆಗಾರ

ತೆಗೆಯಲಿ, ನಾವು ಬಿತ್ತೋದು ಬಿಡುತ್ತೇವೆ! ಹಡಗು ಬಂದು ನಿಲ್ಲೋದು ಅಕ್ಟೋಬರ್‌ಗೆ, ನಮ್ಮ ಕಟಾವೂ ಅಕ್ಟೋಬರ್‌ಗೆ. ನೀವು ಇವತ್ತಿನ ತುಟ್ಟಿಗೆ ಮದ್ದು ಕೇಳುತ್ತೀರಿ, ಅದು ಬಂದು ಬೀಳೋದು ನಮ್ಮ ತಲೆ ಮೇಲೆ.

---

ಮಂಡಿಪೇಟೆ

ಇದು ಸರಿಯಾದ ಮಾತು. ಆಮದು ಮಾಡೋ ಹಾಗಿದ್ದರೆ ಏಪ್ರಿಲ್ ಮೇ ಒಳಗೆ ಬಂದು ಮುಗಿಯಬೇಕು. ಇನ್ನೊಂದು ವಿಷಯ, ಕುಲಾಂತರಿ ಮೆಕ್ಕೆಜೋಳಕ್ಕೆ ನಮ್ಮಲ್ಲಿ ಅನುಮತಿ ಇಲ್ಲ. ಹಾಗಾಗಿ ಅಮೆರಿಕ, ಬ್ರೆಜಿಲ್ ಮಾಲು ಬರಲ್ಲ. ಬರೋದು ಮ್ಯಾನ್ಮಾರ್, ಉಕ್ರೇನ್ ಕಡೆಯಿಂದ. ಮ್ಯಾನ್ಮಾರ್ ಮಾಲಿಗೆ ಸುಂಕವೇ ಇಲ್ಲ. ಅದು ಬಂದರಿನ ಹತ್ತಿರದ ದೊಡ್ಡ ಫೀಡ್ ಮಿಲ್‌ಗಳಿಗೆ ಹೋಗುತ್ತದೆ. ಅವರು ನಮ್ಮ ಮಾರುಕಟ್ಟೆಗೆ ಬಂದು ಕೂಗೋದು ಸ್ವಲ್ಪ ಕಡಿಮೆ ಆಗಬಹುದು, ಅಷ್ಟರ ಮಟ್ಟಿಗೆ ನಮಗೆ ಉಪಯೋಗ.

---

ಹೊಳಲ್ಕೆರೆ ಮೇಷ್ಟ್ರು

ಎಪಿಎಂಸಿಯಲ್ಲಿ ಅಡಮಾನ ಸಾಲ ಇದೆಯಲ್ಲ? ಮಾಲು ಗೋದಾಮಿನಲ್ಲಿಟ್ಟು ಅದರ ಮೇಲೆ ಸಾಲ ತಗೊಂಡು, ರೇಟು ಬಂದಾಗ ಮಾರಬಹುದು. ಬೆಳೆಗಾರರು ಅದನ್ನು ಯಾಕೆ ಬಳಸಲ್ಲ?

---

ಜಗಳೂರು ಬೆಳೆಗಾರ

ಮೇಷ್ಟ್ರೇ, ಗೋದಾಮು ದಾವಣಗೆರೆಯಲ್ಲಿ, ನಾನು ಜಗಳೂರಿನ ಆಚೆ. ಬಾಡಿಗೆ ಕೊಟ್ಟು ತಂದ ಮೇಲೆ ತೇವ ಜಾಸ್ತಿ ಅಂದರೆ ಒಳಗೆ ಬಿಡಲ್ಲ. ನವೆಂಬರ್‌ನಲ್ಲಿ ಮೋಡ ಕಟ್ಟಿದರೆ ಒಣಗಿಸೋದು ಎಲ್ಲಿ? ರಸ್ತೆ ಮೇಲೆ ಹಾಕುತ್ತೇವೆ, ಬೈಕಿನವರು ಬಿದ್ದರೆ ನಮಗೇ ಬೈಗುಳ. ಪ್ರತಿ ಹೋಬಳಿಗೆ ಒಂದು ಒಣಗಿಸೋ ಯಂತ್ರ, ಒಂದು ಸಣ್ಣ ಗೋದಾಮು ಕೊಡಲಿ. ಸಾಲ ಆಮೇಲೆ.

ಕಳೆದ ಸಲ ಒಂದು ಅಂಗಡಿಯಲ್ಲಿ ಮಾರಿದ ಲೆಕ್ಕದ ಪಟ್ಟಿ ಬರೆದಾಗ ಏನೇನೋ ಹೆಸರಲ್ಲಿ ದುಡ್ಡು ಹಿಡಿದರು. ಕೇಳಿದರೆ "ಎಲ್ಲರಿಗೂ ಹೀಗೇ" ಅಂದರು.

---

ಮಂಡಿಪೇಟೆ

ಕಮಿಷನ್ ಕೊಡಬೇಕಾದವರು ಖರೀದಿದಾರರು, ರೈತರ ಪಟ್ಟಿಯಲ್ಲಿ ಅದನ್ನು ಹಿಡಿಯುವಂತಿಲ್ಲ. ಮುಂದಿನ ಸಲ ಹಿಡಿದರೆ ಪಟ್ಟಿಯ ಫೋಟೋ ತೆಗೆದು ಎಪಿಎಂಸಿ ಕಾರ್ಯದರ್ಶಿಗೆ ಬರವಣಿಗೆಯಲ್ಲಿ ಕೊಡಿ. ಬಾಯಲ್ಲಿ ಹೇಳಿದರೆ ಕೆಲಸ ಆಗಲ್ಲ. ನಾನು ಈ ವ್ಯಾಪಾರದಲ್ಲೇ ಇರುವವನು, ಆದರೂ ಇದನ್ನು ಹೇಳಲೇಬೇಕು.

---

ಹೊಸದುರ್ಗದವಳು

ನನಗೆ ಅರ್ಥ ಆಗದ್ದು ಒಂದೇ. ಜಗಳೂರಿನ ಅಣ್ಣ ನವೆಂಬರ್‌ನಲ್ಲಿ ಕಡಿಮೆಗೆ ಮಾರುತ್ತಾರೆ. ಹರಿಹರದ ಅಣ್ಣ ಆಗಸ್ಟ್‌ನಲ್ಲಿ ಜಾಸ್ತಿಗೆ ತಗೊಳ್ಳುತ್ತಾರೆ. ನಡುವೆ ಎಷ್ಟು ದೂರ? ಒಂದು ಹಾಲಿನ ಸಂಘ ಜಗಳೂರಿನ ಹತ್ತು ರೈತರ ಹತ್ತಿರ ಕಟಾವಿನಲ್ಲೇ ಮಾತಾಡಿಕೊಂಡರೆ ಆಗಲ್ಲವಾ? ಸಂಘದಲ್ಲಿ ಬೋನಸ್ ದುಡ್ಡು ಇರುತ್ತದೆ. ಅದರಲ್ಲಿ ಮಾಲು ತಂದು ಇಟ್ಟು, ಸದಸ್ಯರಿಗೆ ತಿಂಗಳು ತಿಂಗಳು ಕೊಟ್ಟು ಹಾಲಿನ ದುಡ್ಡಲ್ಲಿ ಹಿಡಿದುಕೊಳ್ಳಲಿ.

---

ಜಗಳೂರು ಬೆಳೆಗಾರ

ನಾನು ರೆಡಿ. ಕಟಾವಿನ ರೇಟಿಗಿಂತ ನೂರು ಜಾಸ್ತಿ, ತೂಕ ಸರಿ, ದುಡ್ಡು ಅವತ್ತೇ. ಬೇರೆ ಏನೂ ಬೇಡ.

---

ಕೋಳಿ ಶೆಡ್

ನಾನೂ ಒಂದು ಲೋಡು ಸೇರಿಕೊಳ್ಳುತ್ತೇನೆ. ಮೇಲೆ ಗರಂ ಆಗಿ ಮಾತಾಡಿದ್ದು ರೇಟಿನ ಮೇಲಿನ ಸಿಟ್ಟು, ನಿಮ್ಮ ಮೇಲಿನದಲ್ಲ.

---

ನಿವೃತ್ತ ಪಶುವೈದ್ಯ

ಮಾಡುವುದಾದರೆ ತೇವ ಅಳೆಯುವ ಮೀಟರ್ ಒಂದನ್ನು ಸಂಘವೇ ಇಟ್ಟುಕೊಳ್ಳಲಿ. 14ರ ಒಳಗಿದ್ದರೆ ಮಾತ್ರ ಆರು ತಿಂಗಳು ಇಡಬಹುದು. ಹಲ್ಲಲ್ಲಿ ಕಚ್ಚಿ ನೋಡಿದರೆ ಒಣಗಿದೆಯೋ ಹಸಿಯೋ ಗೊತ್ತಾಗುತ್ತದೆ, ಹದಿನಾಲ್ಕೋ ಹದಿನಾರೋ ಗೊತ್ತಾಗಲ್ಲ.

---

ಹರಿಹರ ಹೈನು

ಸದ್ಯಕ್ಕೆ ಒಂದು ತಿಂಗಳಿಗೆ ಬೇಕಾದಷ್ಟು ಮಾತ್ರ ತರುತ್ತೇನೆ. ಅರ್ಧ ನುಚ್ಚಕ್ಕಿ. ಈ ಸಲ ಭದ್ರಾ ತುಂಬಿದೆ, ಹುಲ್ಲಿಗೂ ತೊಂದರೆ ಆಗಲಿಕ್ಕಿಲ್ಲ. ನಮ್ಮ ಸಂಘದ ಸಭೆಯಲ್ಲಿ ಅಕ್ಕ ಹೇಳಿದ್ದನ್ನು ಇಡುತ್ತೇನೆ.

---

ಜಗಳೂರು ಬೆಳೆಗಾರ (ನವೆಂಬರ್ 2025)

ಹಳೇ ಮಾತು ಮತ್ತೆ ಎತ್ತುತ್ತಿದ್ದೇನೆ, ಕ್ಷಮಿಸಿ. ಈಗ ರೇಟು ನೋಡಿ. ಬೆಂಬಲ ಬೆಲೆ 2400, ಮಾರುಕಟ್ಟೆಯಲ್ಲಿ ಕೇಳೋದು 1600-1800. ಆ ಎರಡು ವರ್ಷದ ರೇಟು ನೋಡಿ ಎಲ್ಲರೂ ಮೆಕ್ಕೆಜೋಳವನ್ನೇ ಬಿತ್ತಿದರು, ಮಳೆಯೂ ಆಯಿತು, ಬೆಳೆಯೂ ಬಂತು. ಎಥೆನಾಲ್‌ನವರಿಗೆ ಸರ್ಕಾರದ ಅಕ್ಕಿ ಸಿಗುತ್ತಿದೆ, ನಮ್ಮನ್ನು ಮೊದಲಿನ ಹಾಗೆ ಕೇಳಲ್ಲ. ಖರೀದಿ ಕೇಂದ್ರ ಬೇಕು ಅಂತ ಎಲ್ಲ ಕಡೆ ಧರಣಿ ನಡೆಯುತ್ತಿದೆ.

ಹರಿಹರದವರೇ, ನಿಮ್ಮ ಸಂಘಕ್ಕೆ ಬೇಕಾ?

---

ಕೋಳಿ ಶೆಡ್

ನನಗೆ ಬೇಕು. 1900 ಕೊಡುತ್ತೇನೆ, ಹೊಲದ ಹತ್ತಿರವೇ ಗಾಡಿ ತರುತ್ತೇನೆ. ಬೆಂಬಲ ಬೆಲೆ ಕೊಡೋದಕ್ಕೆ ನನಗೆ ಆಗಲ್ಲ, ಸುಳ್ಳು ಹೇಳಲ್ಲ.

---

ಜಗಳೂರು ಬೆಳೆಗಾರ

ಸರ್ಕಾರ ಡಿಸ್ಟಿಲರಿ, ಪಶು ಆಹಾರ ಘಟಕಗಳಿಗೆ 2400ಕ್ಕೆ ಕೊಳ್ಳಿ ಅಂತ ಹೇಳಿದೆ ಅನ್ನುತ್ತಿದ್ದಾರೆ. ಅರ್ಧ ಮಾಲು ಅದಕ್ಕೆ ನೋಂದಣಿ ಮಾಡಿಸಿ ಕಾಯುತ್ತೇನೆ. ಉಳಿದ ಅರ್ಧ ನಿಮಗೆ, ಆದರೆ 1950.

---

ಹರಿಹರ ಹೈನು

ನಮ್ಮ ಸಂಘದಲ್ಲಿ ಹೋದ ವರ್ಷ ಒಪ್ಪಲಿಲ್ಲ, ಗೋದಾಮು ಇಲ್ಲ ಅಂದರು. ಈ ಸಲ ಹಾಲಿನ ಡೈರಿ ಪಕ್ಕದ ಹಳೇ ಕೋಣೆಗೆ ಶೀಟು ಹಾಕಿಸಿದ್ದೇವೆ. 40 ಕ್ವಿಂಟಲ್ ಹಿಡಿಯುತ್ತದೆ. 1950ಕ್ಕೆ ನಾವೂ ಇದ್ದೇವೆ. ತೇವ ಎಷ್ಟಿದೆ?

---

ಜಗಳೂರು ಬೆಳೆಗಾರ

ನಿನ್ನೆ ಅಳತೆ ಮಾಡಿಸಿದಾಗ 16 ಇತ್ತು. ಬಿಸಿಲು ಚೆನ್ನಾಗಿದೆ, ಇನ್ನೊಂದು ವಾರ ಕಣದಲ್ಲಿ ಹರಡುತ್ತೇನೆ.

---

ಹರಿಹರ ಹೈನು

ಆಗಲಿ. ಮೀಟರ್ ತಗೊಂಡು ನಾವೇ ಬರುತ್ತೇವೆ. ಚೀಲ ನಮ್ಮದು, ಹಮಾಲಿ ಅರ್ಧ ಅರ್ಧ.